ಆರೋಗ್ಯವಂತರಲ್ಲಿ ಚುಚ್ಚುಮದ್ದಿನ ಹೋಲಿಕೆ: ಕಾರ್ಕಳದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಸಂಧಿವಾತದಿಂದ ಬಳಲುತ್ತಿರುವ ನಿಮ್ಮ ಪತ್ನಿಗೆ ಎರಡು ವಾರಕ್ಕೊಮ್ಮೆ ಕೊಡುವ ಅಡಾಲಿಮುಮಾಬ್ ಚುಚ್ಚುಮದ್ದಿನ ಬದಲು ಬೇರೆ ಕಂಪನಿಯ, ಕಡಿಮೆ ಬೆಲೆಯ ಅದೇ ಮದ್ದನ್ನು ಮಂಗಳೂರಿನ ವೈದ್ಯರು ಸೂಚಿಸಿದ್ದಾರೆಂದೂ, ಅದನ್ನು ಮೂಲ ಮದ್ದಿನೊಡನೆ ಹೋಲಿಸಿದ್ದು ಆರೋಗ್ಯವಂತ ಯುವಕರಲ್ಲಿ ಎಂದು ತಿಳಿದು ಅನುಮಾನ ಹುಟ್ಟಿತೆಂದೂ ಬರೆದಿದ್ದೀರಿ. ಗಂಟುನೋವೇ ಇಲ್ಲದವನಿಗೆ ಮದ್ದು ಕೊಟ್ಟು, ಗಂಟುನೋವಿಗೆ ಅದು ಆಗುತ್ತದೆಂದು ಹೇಳುವುದು ಹೇಗೆ ಎಂಬುದು ನಿಮ್ಮ ಮೊದಲ ಪ್ರಶ್ನೆ. ಮಂಗಳೂರಿನಲ್ಲಿ ಓದುತ್ತಿರುವ ನಿಮ್ಮ ಸೋದರಳಿಯ ಹಣದ ಆಸೆಯಿಂದ ಅಂಥದೇ ಒಂದು ಅಧ್ಯಯನಕ್ಕೆ ಹೆಸರು ಕೊಡಲು ಹೊರಟಿರುವುದು ಎರಡನೆಯ ಚಿಂತೆ.

ಆ ಅಧ್ಯಯನ ‘ರೋಗ ವಾಸಿಯಾಗುತ್ತದೆಯೇ’ ಎಂದು ಕೇಳುವುದೇ ಇಲ್ಲ. ಎರಡು ಮದ್ದುಗಳೂ ರಕ್ತಕ್ಕೆ ಅಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ಸೇರಿ, ಹಾಗೆಯೇ ಹೊರಹೋಗುತ್ತವೆಯೇ ಎಂಬಷ್ಟೇ ಅದರ ಪ್ರಶ್ನೆ. ನೀರಿನಲ್ಲಿ ಕರಗಿಸಿ ನೇರ ರಕ್ತನಾಳಕ್ಕೆ ಕೊಡುವ ಎಷ್ಟೋ ಸರಳ ಮದ್ದುಗಳಿಗೆ ಈ ಪರೀಕ್ಷೆಯೇ ಬೇಕಾಗುವುದಿಲ್ಲ. ಅಡಾಲಿಮುಮಾಬ್ ಹಾಗಲ್ಲ, ಅದು ಜೀವಕೋಶಗಳಲ್ಲಿ ತಯಾರಾಗುವ ದೊಡ್ಡ ಪ್ರೋಟೀನು, ಚರ್ಮದಡಿಯಿಂದ ನಿಧಾನವಾಗಿ ರಕ್ತಕ್ಕೆ ಇಳಿಯುವಂಥದ್ದು. ಎರಡು ಕಾರ್ಖಾನೆಗಳ ಪ್ರೋಟೀನು ಅಣುಅಣುವೂ ಒಂದೇ ಆಗಿರುವುದು ಸಾಧ್ಯವಿಲ್ಲದ ಕಾರಣ ಮೊದಲು ಪ್ರಯೋಗಾಲಯದಲ್ಲಿ ರಚನೆ ಮತ್ತು ಗುಣವನ್ನು ಹೋಲಿಸುತ್ತಾರೆ, ಬಳಿಕ ಈ ರಕ್ತದ ಪರೀಕ್ಷೆ, ಅದರ ಮೇಲೆ ಸಾಮಾನ್ಯವಾಗಿ ರೋಗಿಗಳಲ್ಲಿ ಪರೀಕ್ಷೆ. ನೀವು ಕೇಳಿದ್ದು ಈ ಮೆಟ್ಟಿಲುಗಳಲ್ಲಿ ಒಂದರ ಬಗ್ಗೆ ಮಾತ್ರ.

ಆ ಮೆಟ್ಟಿಲಿಗೆ ಆರೋಗ್ಯವಂತರೇ ಏಕೆ ಎಂಬುದಕ್ಕೆ ನಿಮ್ಮ ಪತ್ನಿಯ ಔಷಧ ಚೀಟಿಯಲ್ಲೇ ಉತ್ತರವಿದೆ. ಅವರು ಮೆಥೋಟ್ರೆಕ್ಸೇಟ್ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆಂದು ಬರೆದಿದ್ದೀರಿ. ಆ ಮಾತ್ರೆ ದೇಹದಿಂದ ಅಡಾಲಿಮುಮಾಬ್ ಹೊರಹೋಗುವ ವೇಗವನ್ನು ಗಣನೀಯವಾಗಿ ತಗ್ಗಿಸುತ್ತದೆ. ರೋಗಿಗಳಲ್ಲಿ ಒಬ್ಬರ ಮಾತ್ರೆ ಬೇರೆ, ಇನ್ನೊಬ್ಬರ ಉರಿಯೂತ ಬೇರೆ, ಮತ್ತೊಬ್ಬರ ತೂಕ ಬೇರೆ. ಅಲೆಯ ಮೇಲೆ ಓಲಾಡುವ ದೋಣಿಯಲ್ಲಿ ತಕ್ಕಡಿ ಹಿಡಿದರೆ ಮುಳ್ಳು ನಿಲ್ಲುವುದಿಲ್ಲ. ಬೇರೆ ಮದ್ದಿಲ್ಲದ, ತೂಕದಲ್ಲಿ ಹೆಚ್ಚು ಅಂತರವಿಲ್ಲದ ಆರೋಗ್ಯವಂತರಲ್ಲಿ ಕಾಣುವ ವ್ಯತ್ಯಾಸವಾದರೆ ಬಹುಮಟ್ಟಿಗೆ ಮದ್ದಿನದೇ. ಹೀಗಾಗಿ ಇದು ರೋಗಿಗಳನ್ನು ಬಿಟ್ಟು ಮಾಡಿದ ಸುಲಭದ ಪರೀಕ್ಷೆ ಎಂದು ತಿಳಿಯಬೇಡಿ. ವ್ಯತ್ಯಾಸವಿದ್ದರೆ ಅದನ್ನು ಹಿಡಿಯಲು ಇದೇ ಹೆಚ್ಚು ಸೂಕ್ಷ್ಮವಾದದ್ದು.

ಒಬ್ಬನಿಗೇ ಎರಡನ್ನೂ ಒಂದರ ಬಳಿಕ ಒಂದರಂತೆ ಕೊಟ್ಟು ನೋಡಬಾರದೇ ಎಂದು ನೀವು ಕೇಳಬಹುದು. ಮಾತ್ರೆಗಳಲ್ಲಿ ಹಾಗೆಯೇ ಮಾಡುತ್ತಾರೆ. ಈ ಮದ್ದಾದರೋ ರಕ್ತದಲ್ಲಿ ಅರ್ಧಕ್ಕಿಳಿಯಲು ಸುಮಾರು ಎರಡು ವಾರ ಬೇಕು. ಪೂರ್ತಿ ಹೋಗಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲದೆ ಮೊದಲ ಚುಚ್ಚುಮದ್ದಿಗೆ ದೇಹ ಪ್ರತಿಕಾಯಗಳನ್ನು, ಅಂದರೆ ಆ ಮದ್ದನ್ನು ಹೊರಗಿನದೆಂದು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಬೆಳೆಸಿಕೊಂಡರೆ ಎರಡನೆಯದರ ಅಳತೆ ಕೆಟ್ಟುಹೋಗುತ್ತದೆ. ಆದ್ದರಿಂದ ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಒಬ್ಬರಿಗೆ ಒಂದೇ ಬಗೆಯ 40 ಮಿಲಿಗ್ರಾಂ ಮದ್ದನ್ನು ಒಂದೇ ಬಾರಿ ಕೊಟ್ಟು, ಸುಮಾರು ಹತ್ತು ವಾರ ರಕ್ತ ತೆಗೆದು ನೋಡುತ್ತಾರೆ. ಅಮೆರಿಕ ಮತ್ತು ಯುರೋಪ್ ಎರಡೂ ಕಡೆ ಮಾರಲು ಬಯಸುವ ಕಂಪನಿ ಎರಡೂ ಕಡೆಯ ಮೂಲ ಮದ್ದನ್ನು ತಂದು ಮೂರು ಗುಂಪು ಮಾಡುವುದೂ ಉಂಟು.

‘80ರಿಂದ 125 ಶೇಕಡಾ ಇದ್ದರೆ ಪಾಸಂತೆ, ಹಾಗಾದರೆ ಐದರಲ್ಲೊಂದು ಪಾಲು ಮದ್ದು ಕಡಿಮೆ ಇದ್ದರೂ ನಡೆದೀತೇ’ ಎಂದು ನೀವು ಬರೆದ ಸಾಲು ಬಹಳ ಮಂದಿಯ ತಪ್ಪು ತಿಳಿವಳಿಕೆ. ಎರಡು ಮದ್ದುಗಳ ಸರಾಸರಿಯ ಅನುಪಾತ ಮಾತ್ರವಲ್ಲ, ಆ ಅನುಪಾತದ ಸುತ್ತ ಲೆಕ್ಕಹಾಕುವ ಶೇಕಡಾ 90ರ ವಿಶ್ವಾಸ ವ್ಯಾಪ್ತಿ (ನಿಜವಾದ ಅನುಪಾತ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಅಂದಾಜು) ಇಡಿಯಾಗಿ ಆ ಗಡಿಯೊಳಗೆ ಕೂರಬೇಕು. ಸರಾಸರಿಯೇ 80ರ ಹತ್ತಿರವಿದ್ದರೆ ವ್ಯಾಪ್ತಿಯ ಒಂದು ತುದಿ ಹೊರಗೆ ಚಾಚಿ ಮದ್ದು ಸೋಲುತ್ತದೆ. ರಕ್ತಕ್ಕೆ ಸೇರಿದ ಒಟ್ಟು ಪ್ರಮಾಣ ಮತ್ತು ಏರಿದ ಅತ್ಯುನ್ನತ ಮಟ್ಟ, ಎರಡಕ್ಕೂ ಈ ನಿಯಮವಿದೆ.

ಇನ್ನು ನಿಮ್ಮ ಸೋದರಳಿಯನ ವಿಚಾರ; ನಮಗೆ ಹೆಚ್ಚು ಕಳವಳ ತಂದದ್ದು ಇದೇ. ನೀವು ನೆನಪಿಸಿದ 2006ರ ಲಂಡನ್ ಘಟನೆಯಲ್ಲಿ ಆರು ಯುವಕರು ತೀವ್ರ ಅಸ್ವಸ್ಥರಾದದ್ದು ಮನುಷ್ಯರಿಗೆ ಮೊದಲ ಬಾರಿ ಕೊಟ್ಟ ಹೊಸ ಮದ್ದಿನಿಂದ. ಇಲ್ಲಿರುವುದು ವರ್ಷಗಟ್ಟಲೆ ಬಳಕೆಯಲ್ಲಿರುವ ಮದ್ದಿನ ಹೋಲಿಕೆಯಾದ್ದರಿಂದ ಅಪಾಯ ಬಹಳ ಕಡಿಮೆ, ಆದರೆ ಇಲ್ಲವೆನ್ನಲಾಗದು. ಮದ್ದು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ದೇಹದಲ್ಲಿ ಅಡಗಿದ ಕ್ಷಯ ಎದ್ದೇಳಬಹುದು; ನಮ್ಮ ದೇಶದಲ್ಲಿ ಇದು ಬರಿಯ ಔಪಚಾರಿಕ ಎಚ್ಚರಿಕೆಯಲ್ಲ. ರೋಗಿಗೆ ಈ ಮದ್ದಿನಿಂದ ಲಾಭವಾದರೂ ಇದೆ, ನಿಮ್ಮ ಸೋದರಳಿಯನ ದೇಹಕ್ಕೆ ಯಾವ ಲಾಭವೂ ಇಲ್ಲ. ಹಾಗಾಗಿ ಅವನ ಒಪ್ಪಿಗೆ ತಿಳಿದು ಕೊಟ್ಟದ್ದಾಗಿರಲೇಬೇಕು.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಇಂಥ ಅಧ್ಯಯನದಿಂದ ಹಾನಿಯಾದರೆ ಚಿಕಿತ್ಸೆ ಮತ್ತು ಪರಿಹಾರ ಅವನ ಹಕ್ಕು. ಯಾವ ಹಂತದಲ್ಲೂ, ಕಾರಣ ಹೇಳದೆಯೂ, ಹಿಂದೆ ಸರಿಯಬಹುದು. ಒಪ್ಪಿಗೆ ಪತ್ರ ಅವನಿಗೆ ತಿಳಿಯುವ ಭಾಷೆಯಲ್ಲಿರಬೇಕು. ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಆಡುವ ಹುಡುಗರಿಗೆ ಕನ್ನಡದ ಪತ್ರವನ್ನು ಓದಿಸಿದರಷ್ಟೇ ಸಾಲದು, ಮನೆಮಾತಿನಲ್ಲಿ ವಿವರಿಸಿ ಹೇಳಬೇಕೆಂಬುದು ನಮ್ಮ ದೃಢ ಅಭಿಪ್ರಾಯ. ಸಹಿ ಹಾಕುವ ಮುನ್ನ ಆ ಪತ್ರವನ್ನು ಮನೆಗೆ ತಂದು ನಿಮ್ಮೊಡನೆ ಕೂತು ಓದಲು ಹೇಳಿ. ಕ್ಷಯದ ತಪಾಸಣೆ ಮಾಡುತ್ತಾರೆಯೇ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಹತ್ತು ವಾರದ ನಡುವೆ ಜ್ವರ ಬಂದರೆ ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂದು ಅವನೇ ಕೇಳಲಿ. ಪತ್ರವನ್ನು ಮನೆಗೆ ಕೊಡಲು ಒಪ್ಪದ ಕೇಂದ್ರಕ್ಕೆ ಅವನನ್ನು ಕಳುಹಿಸಬೇಡಿ.

— ಸಂಪಾದಕ