ಮೇಲಿಂದ ಮೇಲೆ ಸೋಲಾದಾಗ ಪಾಸಿಟಿವ್ ಆಗಿ ಯೋಚಿಸುವುದು ಹೇಗೆ?

ಇಂಟರ್‌ವ್ಯೂಗಳಲ್ಲಿ ಮೇಲಿಂದ ಮೇಲೆ ರಿಜೆಕ್ಟ್ ಆಗಿದ್ದೇನೆ, ಎಲ್ಲರೂ ಪಾಸಿಟಿವ್ ಆಗಿರು ಅಂತಾರೆ, ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ ಎಂದು ಬರೆದಿದ್ದೀರಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ. ನೋವು ಇನ್ನೂ ಹಸಿಯಾಗಿರುವಾಗ 'ಆಗೋದೆಲ್ಲ ಒಳ್ಳೇದಕ್ಕೇ' ಎನ್ನುವ ಮಾತು ತಲೆಗೆ ಹೋಗುವುದೇ ಇಲ್ಲ. ಮೊದಲು ಬೇಜಾರು ಮಾಡಿಕೊಳ್ಳಿ, ಅಳು ಬಂದರೆ ಅತ್ತುಬಿಡಿ. ಮೇಲೆ ಮೇಲೆ ನಕ್ಕರೆ ಒಳಗಿನ ಸಂಕಟವೇನೂ ಇಳಿಯುವುದಿಲ್ಲ.

ಆಮೇಲೆ, ಈ ಸೋಲಿಗೆ ನಿಮಗೆ ನೀವೇ ಏನು ಕಾರಣ ಕೊಟ್ಟುಕೊಳ್ಳುತ್ತಿದ್ದೀರಿ ನೋಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ 1960ರ ದಶಕದಲ್ಲಿ ಸ್ಟೀವನ್ ಮೈಯರ್ ಜೊತೆ ಸೇರಿ ನಾಯಿಗಳ ಮೇಲೆ ಪ್ರಯೋಗ ಮಾಡಿದ್ದರು. (ಓದಿದಾಗ ಪಾಪ ಅನಿಸುತ್ತದೆ.) ಏನು ಮಾಡಿದರೂ ಕರೆಂಟ್ ಶಾಕ್ ತಪ್ಪದಿದ್ದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ಒಂದು ಗಿಡ್ಡ ಅಡ್ಡಗೋಡೆ ಹಾರಿದರೆ ಪಾರಾಗಬಹುದು ಎನ್ನುವಾಗಲೂ ಸುಮ್ಮನೆ ಮಲಗಿಬಿಟ್ಟವು. ಆದರೆ ಕೆಲವು ಹಾರಿದವು! ಈ ವ್ಯತ್ಯಾಸ ಮನುಷ್ಯರಲ್ಲಿ ಯಾಕೆ ಎಂದು ಹುಡುಕುತ್ತಾ ಸೆಲಿಗ್‌ಮನ್ ಗುರುತಿಸಿದ್ದು, ಬೇಗ ಕೈಚೆಲ್ಲುವವರ ಮೂರು ಮಾತು: ಇದು ಯಾವಾಗಲೂ ಹೀಗೇ, ಎಲ್ಲದರಲ್ಲೂ ಹೀಗೇ, ಎಲ್ಲಾ ನನ್ನಿಂದಲೇ.

ಇಂಥ ಮಾತು ತಲೆಗೆ ಬಂದಾಗ ನಾನು ಒಂದು ಹಾಳೆ, ಪೆನ್ನು ಹಿಡಿದು ಕೂರುತ್ತೇನೆ. ತಲೆಯಲ್ಲಿ ಸುತ್ತುತ್ತಿರುವ ಮಾತನ್ನು ಇದ್ದಂತೆಯೇ ಬರೆಯುತ್ತೇನೆ. ನಿಮ್ಮ ವಿಷಯದಲ್ಲಿ ಅದು 'ನನಗೆ ಇಂಟರ್‌ವ್ಯೂ ಆಗಿಬರಲ್ಲ' ಎಂದಿರಬಹುದು. ಅದರ ಪಕ್ಕದಲ್ಲಿ, ರೂಮಿನ ಮೂಲೆಯಲ್ಲಿ ಕ್ಯಾಮೆರಾ ಇದ್ದಿದ್ದರೆ ಅದಕ್ಕೆ ಏನು ಕಾಣುತ್ತಿತ್ತೋ ಅಷ್ಟನ್ನೇ ಬರೆಯಿರಿ. 'ಹಳೇ ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಚೆನ್ನಾಗಿ ಮಾತಾಡಿದೆ. ಕೆಲಸ ಯಾಕೆ ಬಿಟ್ಟೆ ಅಂದಾಗ ತಡವರಿಸಿದೆ.' 'ಆಗಿಬರಲ್ಲ' ಎನ್ನುವ ಮೊದಲ ಸಾಲಿನ ಮುಂದೆ ನೀವು ಮಾಡುವಂಥದ್ದು ಏನೂ ಇಲ್ಲ. ಕ್ಯಾಮೆರಾ ಕಂಡ ಎರಡನೇ ಸಾಲಿನಲ್ಲಿ ಒಂದು ಪ್ರಶ್ನೆ ಕೈಗೆ ಸಿಕ್ಕಿದೆ, ಅದಕ್ಕೆ ಉತ್ತರವನ್ನು ಇವತ್ತು ಸಂಜೆಯೇ ಗೆಳೆಯರೊಬ್ಬರ ಮುಂದೆ ಹೇಳಿ ನೋಡಬಹುದು ಅಲ್ವಾ?

ಕೆಲವು ಸಲ ಹಾಳೆಯಲ್ಲಿ ನಿಮ್ಮ ತಪ್ಪು ಒಂದೂ ಕಾಣುವುದಿಲ್ಲ. ಆ ಹುದ್ದೆಗೆ ಒಳಗಿನವರನ್ನೇ ಆರಿಸಿರಬಹುದು. ಅಂಥದ್ದರಿಂದ ಪಾಠ ಹಿಂಡಲು ಹೋಗಬೇಡಿ, ಬಿಟ್ಟುಬಿಡಿ.

ಸುಮ್ನೆ ಕಣ್ಮುಚ್ಚಿ ಗೆಲುವಿನ ಕನಸು ಕಾಣಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಮನಶ್ಶಾಸ್ತ್ರ ಸಂಶೋಧಕರಾದ ಗೇಬ್ರಿಯೆಲೆ ಓಟಿಂಗೆನ್ ಮತ್ತು ಡೋರಿಸ್ ಮೇಯರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸ ಸಿಕ್ಕಂತೆ ಹಗಲುಗನಸು ಜಾಸ್ತಿ ಕಂಡ ಪದವೀಧರರಿಗೆ ಬಂದ ಆಫರ್‌ಗಳೂ ಕಡಿಮೆ, ಸಂಬಳವೂ ಕಡಿಮೆ. ಕೆಲಸ ಸಿಗುತ್ತದೆ ಎಂಬ ನಂಬಿಕೆ ಇದ್ದವರ ಕಥೆ ಬೇರೆ, ಅವರಿಗೆ ಒಳ್ಳೆಯದೇ ಆಗಿತ್ತು.

ಎರಡು ವಾರ ಕಳೆದರೂ ನಿದ್ದೆ, ಊಟ ಸರಿಹೋಗದೆ ಯಾವುದರಲ್ಲೂ ಆಸಕ್ತಿಯೇ ಇಲ್ಲ ಎನ್ನುವಂತಿದ್ದರೆ ಈ ಹಾಳೆ, ಪೆನ್ನು ಸಾಲದು, ದಯವಿಟ್ಟು ವೈದ್ಯರನ್ನು ಕಾಣಿ. ಹಾಗಿಲ್ಲದಿದ್ದರೆ ನೀವು ಬರೆದ ಆ ಎರಡನೇ ಸಾಲನ್ನು ಇಲ್ಲೇ ಕಾಮೆಂಟಿನಲ್ಲಿ ಹಾಕಿ. ಉತ್ತರ ಹೇಗೆ ಕೊಡಬಹುದು ಎಂದು ಇಬ್ಬರೂ ಸೇರಿ ನೋಡೋಣ.