ಚುಕ್ಕಿಯಂತೆ ಕಾಣುವ ಹಿಮಕಾಯದ ಆಕಾರ ತಿಳಿಯುವುದು ಹೇಗೆ?

ಪ್ರಶ್ನೆ: ನೆಪ್ಚೂನ್ ಆಚೆಗಿನ ಅರೊಕಾತ್ ಎಂಬ ಹಿಮಕಾಯಕ್ಕೆ ಎರಡು ಹಾಲೆಗಳು, ಎಂದರೆ ಉಂಡೆಯಂಥ ಭಾಗಗಳು, ಇರಬಹುದು ಎಂದು ನೌಕೆ ಅಲ್ಲಿಗೆ ತಲುಪುವ ಮೊದಲೇ ವಿಜ್ಞಾನಿಗಳು ಊಹಿಸಿದ್ದರಂತೆ. ದೂರದರ್ಶಕದಲ್ಲಿ ಬರಿಯ ಚುಕ್ಕಿಯಾಗಿ ಕಾಣುವ ಕಾಯದ ಆಕಾರ ತಿಳಿದದ್ದು ಹೇಗೆ?

ಉತ್ತರ: ಅದರ ನೆರಳನ್ನು ಅಳೆದು. ಅರೊಕಾತ್‌ನ ಉದ್ದ ಸುಮಾರು 36 ಕಿ.ಮೀ., ದೂರ ಸುಮಾರು 650 ಕೋಟಿ ಕಿ.ಮೀ. ಅಷ್ಟು ದೂರದಲ್ಲಿ ಹಬಲ್ ದೂರದರ್ಶಕದ ಚಿತ್ರದ ಒಂದೊಂದು ಪಿಕ್ಸೆಲ್ ಸಾವಿರ ಕಿ.ಮೀ.ಗೂ ಹೆಚ್ಚು ಅಗಲವನ್ನು ನುಂಗಿಬಿಡುತ್ತದೆ. ಹೊಳಪನ್ನು ನೋಡಿ ಗಾತ್ರ ಹೇಳೋಣವೆಂದರೆ, ದೊಡ್ಡ ಕಪ್ಪು ಕಾಯವೂ ಚಿಕ್ಕ ಬಿಳಿ ಕಾಯವೂ ಒಂದೇ ಹೊಳಪು ತೋರಬಲ್ಲವು.

ಆದರೆ ಅಂಥ ಕಾಯ ಒಮ್ಮೊಮ್ಮೆ ಯಾವುದೋ ನಕ್ಷತ್ರಕ್ಕೆ ಅಡ್ಡ ಬರುತ್ತದೆ. ಆಗ ಅದರ ನೆರಳು ಭೂಮಿಯ ಮೇಲೆ ಹಾದುಹೋಗುತ್ತದೆ. ಇದನ್ನು ಆಚ್ಛಾದನೆ ಎನ್ನುತ್ತಾರೆ. ಇದೂ ಒಂದು ಗ್ರಹಣವೇ. ದೀಪದ ಹತ್ತಿರ ಬೆರಳು ಹಿಡಿದರೆ ಗೋಡೆಯ ಮೇಲಿನ ನೆರಳು ಹಿಗ್ಗುತ್ತದೆ. ನಕ್ಷತ್ರವಾದರೋ ಎಣಿಕೆಗೆ ಸಿಗದಷ್ಟು ದೂರದ ದೀಪ. ಅದರ ಕಿರಣಗಳು ಸಮಾನಾಂತರವಾಗಿ ಬರುವುದರಿಂದ ಕಾಯ ಎಷ್ಟು ಅಗಲವೋ ನೆರಳೂ ಹೆಚ್ಚುಕಡಿಮೆ ಅಷ್ಟೇ ಅಗಲ. ನೆರಳು ಓಡುವ ವೇಗ ಲೆಕ್ಕದಿಂದ ಗೊತ್ತಿರುತ್ತದೆ. ನಕ್ಷತ್ರ ಎಷ್ಟು ಹೊತ್ತು ಆರಿತ್ತು ಎಂಬುದನ್ನು ಆ ವೇಗದಿಂದ ಗುಣಿಸಿದರೆ, ಕಾಯದ ಮೇಲೆ ಎಳೆದ ಒಂದು ಗೆರೆಯ ಉದ್ದ ಸಿಗುತ್ತದೆ. ಸಾಲಾಗಿ ನಿಂತ ದೂರದರ್ಶಕಗಳಿಂದ ಇಂಥ ಹಲವು ಗೆರೆಗಳನ್ನು ಪಡೆದು ಜೋಡಿಸಿದರೆ ಆಕಾರ ಮೂಡುತ್ತದೆ.

2017ರ ಜೂನ್‌ನಲ್ಲಿ ಮಾಡಿದ ಮೊದಲ ಪ್ರಯತ್ನದಲ್ಲಿ ನೆರಳು ಯಾರ ಕೈಗೂ ಸಿಗಲಿಲ್ಲ. ಜುಲೈ 17ರಂದು ಅರ್ಜೆಂಟೀನಾದ ಪ್ಯಾಟಗೋನಿಯಾದಲ್ಲಿ 24 ದೂರದರ್ಶಕಗಳನ್ನು ಬಯಲಿನಲ್ಲಿ ಸಾಲಾಗಿ ಹೂಡಿದರು. ಕೊರೆಯುವ ಚಳಿ, ಜೋರು ಗಾಳಿ. ಉಪಕರಣಗಳು ನಡುಗದಿರಲೆಂದು ಅಲ್ಲಿನ ಜನ ಲಾರಿಗಳನ್ನು ಅಡ್ಡ ನಿಲ್ಲಿಸಿದರು, ಬೀದಿದೀಪಗಳನ್ನು ಆರಿಸಿದರು. ಆ ಜನರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ. ಐದು ದೂರದರ್ಶಕಗಳಲ್ಲಿ ನಕ್ಷತ್ರ ಕ್ಷಣಮಾತ್ರ ಮರೆಯಾಗಿ ಮತ್ತೆ ಬೆಳಗಿತು. ಆ ಐದು ಗೆರೆಗಳನ್ನು ಜೋಡಿಸಿ ನೋಡಿದಾಗ ಅವು ಒಂದೇ ಉಂಡೆಗೆ ಹೊಂದಲಿಲ್ಲ. ಒಂದಕ್ಕೊಂದು ತಾಗಿದ ಎರಡು ಉಂಡೆಗಳಿಗೆ ಹೊಂದಿದವು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಸುಮಾರು 3,500 ಕಿ.ಮೀ. ಸಮೀಪದಲ್ಲಿ ಹಾದುಹೋದಾಗ ಕಂಡದ್ದೂ ಅದೇ ಜೋಡಿ.

ಶನಿ ಮತ್ತು ಯುರೇನಸ್ ನಡುವೆ ಸುತ್ತುವ ಚಾರಿಕ್ಲೊ ಎಂಬ ಕಾಯದ ಉಂಗುರಗಳು 2013ರಲ್ಲಿ ಪತ್ತೆಯಾದದ್ದೂ ಹೀಗೆಯೇ. ಕಾಯ ನಕ್ಷತ್ರವನ್ನು ಮರೆಮಾಡುವ ಮುಂಚೆಯೂ ಆಮೇಲೂ ಉಂಗುರಗಳು ಅಡ್ಡ ಬಂದು ನಕ್ಷತ್ರ ಕ್ಷಣಮಾತ್ರ ಮಂಕಾಗಿತ್ತು.

ಹವ್ಯಾಸಿಗಳೂ ಇಂಥ ವೀಕ್ಷಣೆ ಮಾಡುತ್ತಾರೆ. ಗಡಿಯಾರ ನಿಖರವಾಗಿರಬೇಕು, ಅಷ್ಟೇ. ನಿಮ್ಮ ನಕ್ಷತ್ರ ಆರದೇ ಹೋದರೂ ದಾಖಲೆಯನ್ನು ಎಸೆಯಬೇಡಿ: ನೆರಳು ನಿಮ್ಮನ್ನು ಮುಟ್ಟಲಿಲ್ಲ ಎಂದರೆ, ಕಾಯದ ಅಂಚು ಅದಕ್ಕಿಂತ ಮೊದಲೇ ಮುಗಿದಿದೆ.