ಅಂಚಿನಲ್ಲಿದ್ದ ಕೈ

ಗೆಳತಿ ಕಳಿಸಿದ, ಕೊಡಗಿನ ಮಾಂದಲಪಟ್ಟಿ ಗುಡ್ಡದ ಚಿತ್ರದಲ್ಲಿ ಮಂಜು ಬೂದು ಬಣ್ಣಕ್ಕೆ ತಿರುಗಿದೆ, ಎಡಗಡೆಯಿಂದ ಅರ್ಧ ಜೀಪು ನುಗ್ಗಿದೆ. ಅವಳಿಗೆ ನೋವಾಗದಂತೆ ತಪ್ಪನ್ನು ತಿಳಿಸಬೇಕೆಂದರೆ ಮೊದಲು ಹೊಗಳಿ ಆಮೇಲೆ ಹೇಳಬೇಕೇ, ನೇರವಾಗಿ ಹೇಳಬೇಕೇ ಎಂದು ಕೇಳಿದ್ದೀರಿ. ನಾನೂ ಒಮ್ಮೆ ಒಬ್ಬ ಹುಡುಗನಿಗೆ ಹೊಗಳಿಯೇ ಹೇಳಿದೆ, ನೇರವಾಗಿಯೂ ಹೇಳಿದೆ. ಆ ಹುಡುಗ ಇವತ್ತು ಕ್ಯಾಮೆರಾ ಮುಟ್ಟುವುದಿಲ್ಲ.

ವಿರಾಜಪೇಟೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ ಇದೆ. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೊ, ಇವು ಹೊಟ್ಟೆಪಾಡಿಗೆ. ಆಗೆಲ್ಲ ತಿಂಗಳ ಮೊದಲ ಭಾನುವಾರ ಸಂಜೆ ಅಂಗಡಿಯ ಶಟರ್ ಅರ್ಧ ಎಳೆದು, ಹಿಂದಿನ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಸೇರುತ್ತಿದ್ದೆವು. ತೋಟದ ಮಾಲೀಕರೊಬ್ಬರು, ಇಬ್ಬರು ಮೇಷ್ಟ್ರು, ಬ್ಯಾಂಕಿನವರೊಬ್ಬರು, ಉಳಿದಂತೆ ಹುಡುಗರು. ಚಿತ್ರವನ್ನು 8×12 ಇಂಚು ಅಳತೆಗೆ ಪ್ರಿಂಟ್ ಹಾಕಿಸಿಯೇ ತರಬೇಕೆಂಬುದು ನಾನು ಮಾಡಿದ ನಿಯಮ. ಮೊಬೈಲಿನಲ್ಲಿ ಬೆರಳಾಡಿಸುತ್ತಾ ನೋಡಿದ್ದು ನೋಡಿದಂತಲ್ಲ ಎಂಬ ಅಭಿಪ್ರಾಯ ನನಗೆ ಆಗಲೂ ಇತ್ತು, ಈಗಲೂ ಇದೆ.

ಒಂದು ಜನವರಿಯಲ್ಲಿ, ರೊಬಸ್ಟಾ ಕೊಯ್ಲು ಜೋರಾಗಿದ್ದಾಗ, ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಬಂದ. ಸಿದ್ದಾಪುರದ ಕಡೆಯವನು. ಮಾತು ಕಡಿಮೆ. ತಂದದ್ದು ಒಂದೇ ಪ್ರಿಂಟ್.

ತೋಟದಲ್ಲಿ ಸಂಜೆಯ ತೂಕದ ಹೊತ್ತು. ನೆಲಕ್ಕೆ ನೀಲಿ ಟಾರ್ಪಾಲು, ಅದರ ಮೇಲೆ ಕಾಫಿ ಹಣ್ಣಿನ ಕೆಂಪು ರಾಶಿ, ನಡುನಡುವೆ ಹಸಿರು ಕಾಯಿ. ಗಳುವಿಗೆ ತೂಗುಹಾಕಿದ ತಕ್ಕಡಿ, ಅದರ ಕೊಕ್ಕೆಯಲ್ಲಿ ಚೀಲ. ಚೀಲದ ಹಿಂದೆ ಐವತ್ತು ದಾಟಿದ ಹೆಂಗಸು, ತಲೆಗೆ ಟವೆಲ್ಲು ಸುತ್ತಿದ್ದಾಳೆ. ಕೊಯ್ದು ಕೊಯ್ದು ಕಪ್ಪಾದ ಬೆರಳುಗಳು ಚೀಲದ ಬಾಯಿಯನ್ನು ಹಿಡಿದಿವೆ. ಅವಳ ದೃಷ್ಟಿ ತಕ್ಕಡಿಯ ಮುಳ್ಳಿನ ಮೇಲಿಲ್ಲ, ಬಲಕ್ಕೆ, ಸ್ವಲ್ಪ ಕೆಳಕ್ಕೆ ಇದೆ. ಬಲ ಅಂಚಿನಲ್ಲಿ, ಮಣಿಕಟ್ಟಿಗೆ ತುಂಡಾದ ಒಂದು ಕೈ. ತೋರುಬೆರಳು ಮತ್ತು ನಡುಬೆರಳಿನ ಸಂದಿಯಲ್ಲಿ ಪೆನ್ನು, ಕೆಳಗೆ ಒಂದು ಪುಸ್ತಕದ ಮೂಲೆ. ಫೋಕಸ್ ಹೆಂಗಸಿನ ಮುಖದ ಮೇಲಿದ್ದುದರಿಂದ ಕೈ ಮಸುಕಾಗಿತ್ತು.

ಇಷ್ಟನ್ನೂ ಇವತ್ತು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಅವತ್ತು ಹತ್ತು ಸೆಕೆಂಡು ನೋಡಿರಬಹುದು. "ಮುಖ ತುಂಬಾ ಚೆನ್ನಾಗಿ ಬಂದಿದೆ. ಆದರೆ ಬಲಗಡೆಯ ಆ ಕೈ ಕಣ್ಣಿಗೆ ಚುಚ್ಚುತ್ತದೆ. ಅಂಚು ಕತ್ತರಿಸಿದರೆ ಚೀಲವೂ ಹೋಗುತ್ತದೆ, ಅದಕ್ಕೇ ಕಂಪ್ಯೂಟರಿನಲ್ಲಿ ಅಳಿಸಿಬಿಡು" ಎಂದೆ. ಅವನು "ಅಣ್ಣ, ಆ ಕೈ..." ಎಂದು ಬಾಯಿ ತೆರೆದ. ಅಷ್ಟರಲ್ಲಿ ನಾನು ಮುಂದಿನವರ ಪ್ರಿಂಟ್ ಎತ್ತಿಕೊಂಡಾಗಿತ್ತು.

ಮರುದಿನ ಅವನನ್ನು ಕರೆಸಿ, ನಾನೇ ಪಕ್ಕದಲ್ಲಿ ಕೂರಿಸಿಕೊಂಡು ಆ ಕೈಯನ್ನು ಅಳಿಸಿಕೊಟ್ಟೆ. ಇಪ್ಪತ್ತು ನಿಮಿಷದ ಕೆಲಸ. ಟಾರ್ಪಾಲಿನ ಮಡಿಕೆಗಳನ್ನು ಎಷ್ಟು ನಾಜೂಕಾಗಿ ಕೂಡಿಸಿದ್ದೆನೆಂದರೆ ಬೆಸುಗೆ ಎಲ್ಲಿದೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಮೊದಲಿನ ಪ್ರಿಂಟನ್ನು ಅವನು ಮೇಜಿನ ಮೇಲೆಯೇ ಬಿಟ್ಟುಹೋದ.

ಅಳಿಸಿದ ಚಿತ್ರವನ್ನು ಅವನು ಒಂದು ಸ್ಪರ್ಧೆಯ ಪತ್ರಿಕಾ ಛಾಯಾಗ್ರಹಣ ವಿಭಾಗಕ್ಕೆ ಕಳಿಸಿದ. ಕೊನೆಯ ಸುತ್ತಿಗೆ ಬಂದಾಗ ಆಯೋಜಕರು ಕ್ಯಾಮೆರಾದ ಮೂಲ ಫೈಲ್ ಕೇಳಿದರು. ಪತ್ರಿಕಾ ವಿಭಾಗದಲ್ಲೂ ವನ್ಯಜೀವಿ ವಿಭಾಗದಲ್ಲೂ ಚಿತ್ರದ ಅಂಚು ಕತ್ತರಿಸಬಹುದು, ಬೆಳಕು ಸರಿಪಡಿಸಬಹುದು, ಧೂಳಿನ ಚುಕ್ಕೆ ತೆಗೆಯಬಹುದು. ಚೌಕಟ್ಟಿನೊಳಗಿದ್ದ ವಸ್ತುವನ್ನು ತೆಗೆಯುವಂತಿಲ್ಲ, ಇಲ್ಲದ್ದನ್ನು ಸೇರಿಸುವಂತಿಲ್ಲ. ಅವನನ್ನು ಅನರ್ಹಗೊಳಿಸಿದರು. ಆ ನಿಯಮ ನನಗೆ ಬಾಯಿಪಾಠವಾಗಿತ್ತು. ಈ ಚಿತ್ರವನ್ನು ಎಲ್ಲಿಗೆ ಕಳಿಸುತ್ತೀಯಾ ಎಂಬ ಒಂದು ಮಾತನ್ನು ನಾನು ಕೇಳಿರಲಿಲ್ಲ. ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ಇಷ್ಟೇ ಆಗಿದ್ದರೆ ಸ್ಪರ್ಧೆಯ ನಿಯಮ ಮರೆತದ್ದೇ ತಪ್ಪು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಜುಲೈ ತಿಂಗಳ ಒಂದು ಮಧ್ಯಾಹ್ನ, ಮಳೆ ಹಿಡಿದು ಹೊಯ್ಯುತ್ತಿದ್ದಾಗ, ವಯಸ್ಸಾದವರೊಬ್ಬರು ಕೊಡೆ ಮಡಚಿ ಒಳಗೆ ಬಂದರು. ಬ್ಯಾಂಕಿಗೆ ಕೊಡಲು ಫೋಟೊ ಬೇಕಾಗಿತ್ತು. ತೆಗೆದಾದ ಮೇಲೆ ಹೆಸರು, ಫೋನ್ ನಂಬರು ಬರೆಯಿರಿ ಎಂದು ಆರ್ಡರ್ ಪುಸ್ತಕವನ್ನು ಮುಂದೆ ತಳ್ಳಿದೆ. ಅವರು ಪೆನ್ನನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಗೆ ಸಿಕ್ಕಿಸಿಕೊಂಡು ಬರೆಯತೊಡಗಿದರು.

ನನ್ನ ಎದೆ ಧಸಕ್ಕೆಂದಿತು. "ನೀವು ತೋಟದಲ್ಲಿ ರೈಟರಾ?" ಎಂದು ಕೇಳಿದೆ. (ಹೊರಗಿನವರಿಗಾಗಿ ಹೇಳುತ್ತೇನೆ: ಆಳುಗಳ ಹಾಜರಿ, ತೂಕ, ಕೂಲಿಯ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ರೈಟರ್ ಎನ್ನುತ್ತೇವೆ.) "ಹೌದು, ಇಪ್ಪತ್ತೆಂಟು ವರ್ಷವಾಯಿತು. ನನ್ನ ಮಗ ನಿಮ್ಮಲ್ಲಿಗೆ ಬರುತ್ತಿದ್ದ" ಎಂದರು. ಡ್ರಾಯರಿನಲ್ಲಿದ್ದ ಪ್ರಿಂಟನ್ನು ತೆಗೆದು ಅವರ ಮುಂದಿಟ್ಟೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. "ಈಯಮ್ಮ ದಿನಾ ಹೀಗೆಯೇ. ನಾನು ಬರೆದು ಮುಗಿಸುವವರೆಗೆ ಚೀಲ ಬಿಡುವುದಿಲ್ಲ. ಓದಲು ಬರುವುದಿಲ್ಲ, ಆದರೆ ಅಂಕಿ ಗೊತ್ತು. ಕಿಲೋ ಲೆಕ್ಕದ ಕೂಲಿಯಲ್ಲವೇ. ಮಗ ಚಿಕ್ಕಂದಿನಿಂದ ಇದನ್ನು ನೋಡಿದವನು, ಅದನ್ನೇ ತೆಗೆದಿದ್ದಾನೆ" ಎಂದರು.

ನಾನು ಅಳಿಸಿದ್ದು ಆ ಕೈಯನ್ನು.

ಈ ತಪ್ಪನ್ನು ಬಿಡಿಸಿ ಬಿಡಿಸಿ ನೋಡಿದ್ದೇನೆ. ಮೊದಲನೆಯದು, ನನ್ನ ಕಣ್ಣು ಅಂಚಿನಿಂದ ಶುರುವಾಯಿತು. ಮದುವೆಯ ಆಲ್ಬಂ ಮಾಡುವವರ ಕಣ್ಣು ಹಾಗೆಯೇ ಪಳಗಿರುತ್ತದೆ: ಯಾರದೋ ಮೊಣಕೈ ಬಂದಿದೆಯೇ, ಪ್ಲಾಸ್ಟಿಕ್ ಕುರ್ಚಿ ಇಣುಕುತ್ತಿದೆಯೇ, ಕತ್ತರಿಸು. ಆ ಕೆಲಸಕ್ಕೆ ಅದು ಸರಿ. ಅದೇ ಕಣ್ಣನ್ನು ನಾನು ಇನ್ನೊಬ್ಬರ ಚಿತ್ರದ ಮೇಲೆ ಹಾಯಿಸಿದೆ. ಎರಡನೆಯದು, ಚಿತ್ರದಲ್ಲಿರುವವರು ಎತ್ತ ನೋಡುತ್ತಾರೋ ನೋಡುವವರ ಕಣ್ಣೂ ಅತ್ತ ಹೋಗುತ್ತದೆ ಎಂದು ಹುಡುಗರಿಗೆ ಹೇಳಿಕೊಡುತ್ತಿದ್ದವನೇ ನಾನು. ಆ ಹೆಂಗಸಿನ ನೋಟ ಎಲ್ಲಿಗೆ ಹೋಗುತ್ತಿದೆ ಎಂದು ಒಮ್ಮೆ ಹಿಂಬಾಲಿಸಿದ್ದರೆ ನೇರವಾಗಿ ಪೆನ್ನಿಗೆ ಮುಟ್ಟುತ್ತಿದ್ದೆ. ಅಳಿಸಿದ ಚಿತ್ರದಲ್ಲಿ ಅವಳು ನೀಲಿ ಟಾರ್ಪಾಲನ್ನು ದಿಟ್ಟಿಸುತ್ತಿರುವ ದಣಿದ ಹೆಂಗಸು. ಮೊದಲಿನ ಚಿತ್ರದಲ್ಲಿ ತನ್ನ ದಿನದ ಕೂಲಿಯನ್ನು ಕಾಯುತ್ತಿರುವ ಹೆಂಗಸು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. "ಆ ಕೈ" ಎಂದು ಅವನು ಹೇಳಲು ಹೊರಟಾಗ ನಾನು ಕೇಳಲಿಲ್ಲ. ಇನ್ನೊಂದು ಅರ್ಧ ನಿಮಿಷ ಕಾದಿದ್ದರೆ ಅವನ ತಂದೆಯ ಕೈ ಎಂದು ತಿಳಿಯುತ್ತಿತ್ತು.

ನನ್ನ ಧ್ವನಿ ಅವತ್ತು ಮೃದುವಾಗಿಯೇ ಇತ್ತು. ಮೊದಲು ಹೊಗಳಿದ್ದೆ. ಅವನಿಗೆ ನೋವಾದದ್ದು ನನ್ನ ಮಾತಿನ ಒರಟುತನದಿಂದ ಖಂಡಿತ ಅಲ್ಲ. ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಪ್ಪಿದೆ ಎಂದು ನೀವು ಆಗಲೇ ತೀರ್ಪು ಕೊಟ್ಟಾಗಿದೆ, ಅದನ್ನು ಯಾವ ಕಾಗದದಲ್ಲಿ ಸುತ್ತಿ ಕೊಡಲಿ ಎಂದು ಮಾತ್ರ ಕೇಳುತ್ತಿದ್ದೀರಿ. ಸುತ್ತುವ ಕಾಗದದ ಬಗ್ಗೆ ನನಗೆ ಯಾವ ಆಸಕ್ತಿಯೂ ಇಲ್ಲ.

ಮೊದಲು ನಿಮಗೆ ಕಂಡದ್ದನ್ನು ಬಾಯಿಬಿಟ್ಟು ಹೇಳಿ. "ಮಂಜಿದೆ, ಗುಡ್ಡದ ಅಂಚು ಎರಡು ಕಡೆ ಕಾಣಿಸುತ್ತದೆ, ಜೀಪಿನ ಹಿಂಬದಿಯ ಚಕ್ರಕ್ಕೆ ಕೆಸರು ಮೆತ್ತಿದೆ." ಒಳ್ಳೆಯದು, ಕೆಟ್ಟದ್ದು ಎನ್ನಬೇಡಿ. ಹೀಗೆ ಹೇಳುವಾಗಲೇ ಕಣ್ಣು ನಿಧಾನವಾಗುತ್ತದೆ, ಎದುರಿನವರಿಗೂ ತಮ್ಮ ಚಿತ್ರ ಬೇರೆಯವರಿಗೆ ಹೇಗೆ ತಲುಪುತ್ತಿದೆ ಎಂದು ತಿಳಿಯುತ್ತದೆ. ಆಮೇಲೆ, ನಿಮಗೆ ಬೇಡವೆನಿಸಿದ ಭಾಗವನ್ನು ಅಂಗೈಯಿಂದ ಮುಚ್ಚಿ ನೋಡಿ. ಪ್ರಿಂಟ್ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೂ ಹೌದು. ಮುಚ್ಚಿದಾಗ ಉಳಿದ ಚಿತ್ರಕ್ಕೆ ಏನೋ ಕೊರತೆಯಾಯಿತು ಅನಿಸಿದರೆ ತೀರ್ಪು ಕೊಡದೆ ಇಷ್ಟು ಮಾತ್ರ ಕೇಳಿ: ಅಲ್ಲಿ ನಿಂತು ಏನನ್ನು ನೋಡಿ ಕ್ಲಿಕ್ ಮಾಡಿದಿರಿ?

ಚೌಕಟ್ಟನ್ನು ಮೂರು ಭಾಗ ಮಾಡಿ ಆ ಗೆರೆಗಳ ಮೇಲೆ ಮುಖ್ಯವಾದದ್ದನ್ನು ಇಡಬೇಕೆಂಬ ಮೂರನೇ ಒಂದರ ನಿಯಮ, ವಸ್ತುವನ್ನು ನಡುವಿಗೆ ಇಡಬಾರದು ಎಂಬುದೆಲ್ಲ ನನಗೆ ಈಗ ಬೇಸರ ತರಿಸುತ್ತದೆ. ಮೂರನೇ ಒಂದರ ನಿಯಮವನ್ನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಚಿತ್ರಕಾರ ಬರೆದಿಟ್ಟದ್ದು 1797ರಲ್ಲಿ, ಹಳ್ಳಿಗಾಡಿನ ದೃಶ್ಯಗಳನ್ನು ಬಣ್ಣದಲ್ಲಿ ಬರೆಯುವವರಿಗಾಗಿ. ಆಗ ಛಾಯಾಚಿತ್ರವೇ ಹುಟ್ಟಿರಲಿಲ್ಲ. ಹುಡುಗರು ಕಲಿಯಲಿ, ಬೇಡ ಎನ್ನುವುದಿಲ್ಲ. ಆದರೆ ಅದನ್ನೇ ಗಜಕಡ್ಡಿ ಮಾಡಿಕೊಂಡು ಇನ್ನೊಬ್ಬರ ಚಿತ್ರವನ್ನು ಅಳೆಯಬೇಡಿ.

ಇನ್ನೊಂದು ಕೆಟ್ಟ ಅಭ್ಯಾಸ, ಮಾಡಲಾಗದ್ದನ್ನು ಹೇಳುವುದು. ಕಾಫಿ ಹೂವಿನ ಚಿತ್ರ ತೋರಿಸಿದವರಿಗೆ "ಬೆಳಿಗ್ಗೆ ಆರಕ್ಕೆ ಹೋಗಬೇಕಿತ್ತು" ಎನ್ನುವವರನ್ನು ಪ್ರತಿ ವರ್ಷ ನೋಡುತ್ತೇನೆ. ಹೂಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮಳೆ, ಬಿದ್ದು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ, ಮೂರು ನಾಲ್ಕು ದಿನದಲ್ಲಿ ಹೂ ಕಂದುತ್ತದೆ. ಮತ್ತೆ ಹೋಗಬೇಕೆಂದರೆ ಮುಂದಿನ ವರ್ಷ. ಇರುವ ಚಿತ್ರದಲ್ಲಿ ಏನು ಮಾಡಬಹುದು ಎಂಬುದನ್ನು ಹೇಳಿ.

ನಿಜವಾದ ದೋಷಗಳೂ ಇವೆ, ಅವನ್ನು ಸುತ್ತಿ ಬಳಸದೆ ಹೇಳಿ. ಚಿತ್ರದಲ್ಲಿ ಹೊನ್ನಮ್ಮನ ಕೆರೆಯ ನೀರು ಒಂದು ಕಡೆಗೆ ವಾಲಿದ್ದರೆ, ಆಕಾಶದಲ್ಲಿ ಕ್ಯಾಮೆರಾದೊಳಗಿನ ಸೆನ್ಸರಿನ ಧೂಳಿನ ಚುಕ್ಕೆ ಇದ್ದರೆ, ತೆಗೆದವರೇ "ಅಯ್ಯೋ ಹೌದಲ್ಲ" ಎನ್ನುತ್ತಾರೆ. ಅಲ್ಲಿ ಹೊಗಳಿಕೆಯ ಅಗತ್ಯವಿಲ್ಲ.

ಆ ಹುಡುಗ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಫೋನ್ ಮಾಡಿ ಕ್ಷಮೆ ಕೇಳಿದೆ. "ಪರವಾಗಿಲ್ಲ ಅಣ್ಣ" ಎಂದ. ಕ್ಯಾಮೆರಾ ಬೀರುವಿನಲ್ಲಿದೆ ಎಂದು ಅವನ ತಂದೆ ಹೇಳಿದರು. ಕೈ ಇರುವ ಪ್ರಿಂಟನ್ನು ಅವನ ಒಪ್ಪಿಗೆ ಪಡೆದು, ಅವನ ಹೆಸರು ಬರೆದು, ಸ್ಟುಡಿಯೊದ ಗೋಡೆಗೆ ಹಾಕಿದ್ದೇನೆ.

ನಿಮ್ಮ ಗೆಳತಿಯ ಮಂಜಿಗೆ ಬರುತ್ತೇನೆ. ಅದು ನಿಜವಾದ ದೋಷ, ಇವತ್ತೇ ಹೇಳಿಬಿಡಿ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್ ಎದುರಿಗಿರುವ ಎಲ್ಲವನ್ನೂ ನಡುಮಟ್ಟದ ಬೂದು ಎಂದೇ ಎಣಿಸುತ್ತದೆ, ಚೌಕಟ್ಟಿನ ತುಂಬ ಬಿಳಿ ಇದ್ದರೆ ಅದನ್ನೂ ಬೂದಿಗೆ ಇಳಿಸುತ್ತದೆ. ಮುಂದಿನ ಸಲ ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು, ಅಂದರೆ ಬೆಳಕು ಏರಿಸಿ ಇಳಿಸುವ ಹೊಂದಾಣಿಕೆಯನ್ನು, ಒಂದು ಸ್ಟಾಪ್ (ಎರಡರಷ್ಟು ಬೆಳಕು) ಮೇಲಕ್ಕೆ ಇಡಲಿ. ಈ ಚಿತ್ರ ರಾ ಫೈಲ್ (ಸೆನ್ಸರು ಹಿಡಿದದ್ದನ್ನು ಹಾಗೆಯೇ ಉಳಿಸಿಕೊಂಡ ಫೈಲ್) ಆಗಿದ್ದರೆ ಈಗಲೂ ಬೆಳಕು ಏರಿಸಬಹುದು. ಅರ್ಧ ಜೀಪಿನ ಬಗ್ಗೆ ಮಾತ್ರ ಇನ್ನೂ ಏನನ್ನೂ ಹೇಳಬೇಡಿ. ಅದು ಯಾರ ಜೀಪು ಎಂದು ಕೇಳಿ.